ಒಡಿಕತ್ತಿಯೂ ಹಾಲೇರಿ ಅರಸರೂ

ನರಸಿಂಹರಾಜಪುರದಿಂದ ಬಾಳೆಹೊನ್ನೂರಿಗೆ ಬರುವ ಹಾದಿಯಲ್ಲಿ ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ತೋಟಕ್ಕೆ ಹೊರಟವರನ್ನು ತಾವು ಅನೇಕ ಸಲ ಕಂಡಿರಬಹುದು. ಗಿಡಗಂಟಿ ಸವರುವ, ಸೊಪ್ಪು ಕಡಿಯುವ ಇಂಥ ಕತ್ತಿಯೇ ಸಮಯ ಬಂದಾಗ ಆಯುಧವಾಗುವುದು ಮಲೆಸೀಮೆಗಳ ವಾಡಿಕೆ. ದೂರದ ಜಾವಾ ದ್ವೀಪದ ಸುಂದಾ ಜನರಲ್ಲಿ ‘ಕುಜಂಗ್’ ಎಂಬ ಬಾಗಿದ ಅಲಗು ಹೀಗೆಯೇ ಗೌರವ ಪಡೆದು, ಇಂದು ಪಶ್ಚಿಮ ಜಾವಾ ಪ್ರಾಂತ್ಯದ ಲಾಂಛನದಲ್ಲಿ ನೆಲೆಸಿದೆ. ನಮ್ಮ ನಾಡಿನಲ್ಲಿ ಅದಕ್ಕೆ ಸಮೀಪವಾದುದು ಕೊಡವರ ಒಡಿಕತ್ತಿ.

ಇದರ ಅಲಗು ಅಗಲವಾದುದು, ಭಾರವಾದುದು. ಮುಂದಕ್ಕೆ ಬಾಗಿದ್ದು, ಬಾಗಿನ ಒಳಮಗ್ಗುಲಲ್ಲಿ ಹರಿತವುಂಟು. ಬೆನ್ನ ಹಿಂದೆ ನಡುವಿಗೆ ಬಿಗಿದ ‘ತೊಡಂಗ್’ ಎಂಬ ಲೋಹದ ಕೊಕ್ಕೆಯಲ್ಲಿ ಅದನ್ನು ಸಿಕ್ಕಿಸುತ್ತಾರೆ. ಮುಂಭಾಗದಲ್ಲಿ ಚೇಲೆಗೆ ಸಿಕ್ಕಿಸುವ ಅಲಂಕಾರದ ಪೀಚೆಕತ್ತಿಯೇ ಬೇರೆ. ಎರಡನ್ನೂ ಒಂದೆಂದು ತಿಳಿಯಬಾರದು.

ಕೊಡವರ ಕತ್ತಿಯ ಕಥೆ ನಮ್ಮ ಪತ್ರಿಕೆಗೇಕೆಂದು ತಾವು ಕೇಳಬಹುದು. ಕೊಡಗನ್ನು ಎರಡು ಶತಮಾನಗಳಷ್ಟು ಕಾಲ, 1834ರವರೆಗೆ, ಆಳಿದ ಹಾಲೇರಿ ಅರಸರು ಲಿಂಗವಂತರು. ಇಕ್ಕೇರಿಯ ಅರಸುಮನೆತನದವನೊಬ್ಬನು ಜಂಗಮವೇಷದಿಂದ ಹಾಲೇರಿಗೆ ಬಂದು ನೆಲೆಸಿದನೆಂಬುದು ಅಲ್ಲಿಯ ಐತಿಹ್ಯ. ಕೊರಳಲ್ಲಿ ಲಿಂಗ ಧರಿಸಿದ ಈ ಅರಸರ ಬಲವು ಬಹುಮಟ್ಟಿಗೆ ಒಡಿಕತ್ತಿ ಹಿಡಿದ ಕೊಡವರ ಕೈಯಲ್ಲಿಯೇ ಇದ್ದಿತು. ಅಂದರೆ ಆಯುಧವು ಪ್ರಜೆಯದು, ಸಿಂಹಾಸನ ಮಾತ್ರ ಅರಸನದು. ಟಿಪ್ಪುವಿನ ಸೆರೆಯಾಗಿ ಪಿರಿಯಾಪಟ್ಟಣದಲ್ಲಿದ್ದ ದೊಡ್ಡವೀರರಾಜೇಂದ್ರನು 1788ರಲ್ಲಿ ಪಾರಾಗಿ ಬಂದು ರಾಜ್ಯವನ್ನು ಮರಳಿ ಗಳಿಸಿದುದು ಈ ಪ್ರಜೆಗಳ ಬೆಂಬಲದಿಂದಲೇ. ಅವನ ಆಜ್ಞೆಯಿಂದ ಸಿದ್ಧವಾದ ‘ರಾಜೇಂದ್ರನಾಮೆ’ಯು 1633ರಿಂದ 1807ರವರೆಗಿನ ವೃತ್ತಾಂತವನ್ನು ಹೇಳುತ್ತದೆ, ಅರಸನು ಬರೆಸಿದ ಚರಿತ್ರೆಯೆಂಬುದನ್ನು ಮರೆಯದೆ ಓದಬೇಕು.

ಆ ವಿಶ್ವಾಸವನ್ನು ಕೊನೆಯ ಅರಸ ಚಿಕ್ಕವೀರರಾಜೇಂದ್ರನು ಉಳಿಸಿಕೊಳ್ಳಲಿಲ್ಲ. ಅವನ ಕ್ರೌರ್ಯದ ವರ್ಣನೆಯಲ್ಲಿ ಆಂಗ್ಲರ ಉತ್ಪ್ರೇಕ್ಷೆಯೂ ಬೆರೆತಿರಬಹುದು. ಆದರೆ 1834ರಲ್ಲಿ ಉತ್ತರದ ಗಡಿಯಲ್ಲಿ ಕೊಡಗಿನವರು ಕಂಪನಿಯ ದಂಡನ್ನು ದಿಟ್ಟತನದಿಂದ ತಡೆದರೂ, ದಿವಾನ ಅಪ್ಪಾರಂಡ ಬೋಪುವೇ ಮತ್ತೊಂದು ದಂಡನ್ನು ಮಡಿಕೇರಿಗೆ ಕರೆತಂದನೆಂಬುದು ಸತ್ಯ. ಪದಚ್ಯುತನಾದ ಅರಸನು ಕಾಶಿಯಲ್ಲಿ ವರ್ಷಗಳನ್ನು ಕಳೆದು, 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡನು.

ಕತ್ತಿ ಉಳಿದಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧಗಳಿಗೆ ತೋಕ್‌ಪೂವಿನ ಅಲಂಕಾರ ಮಾಡಿ ಪೂಜಿಸುತ್ತಾರೆ. ಮದುವೆಗಳಲ್ಲಿ ಒಡಿಕತ್ತಿಯಿಂದ ಒಂದೇ ಏಟಿಗೆ ಬಾಳೆದಿಂಡನ್ನು ಕಡಿಯುವ ಗೌರವ ಇಂದಿಗೂ ಸಲ್ಲುತ್ತದೆ. ಮಡಿಕೇರಿಗೆ ಹೋದಾಗ ದೊಡ್ಡವೀರರಾಜೇಂದ್ರ, ಲಿಂಗರಾಜೇಂದ್ರರ ಗದ್ದಿಗೆಗಳನ್ನು ತಾವು ತಪ್ಪದೆ ದರ್ಶಿಸಿ ಬರಬೇಕು.