ಹೃದಯದಲ್ಲಿ ಬರೆದ ನಿಯಮ: ಸಾಂತೊ ದೊಮಿಂಗೊದಿಂದ ವಯ್ಯಾದೊಲಿದ್‌ವರೆಗೆ

ಧರ್ಮೋಪದೇಶದ ತರಗತಿಯಲ್ಲಿ ನಾವೆಲ್ಲರೂ ಕಲಿತ ಮಾತೊಂದುಂಟು. ಕಲ್ಲಿನ ಹಲಗೆಗಳ ಮೇಲೆ ಹತ್ತು ಕಟ್ಟಳೆಗಳನ್ನು ಬರೆದುಕೊಡುವುದಕ್ಕೆ ಮೊದಲೇ ದೇವರು ಮಾನವನ ಹೃದಯದಲ್ಲಿ ಒಂದು ನಿಯಮವನ್ನು ಬರೆದಿದ್ದರು ಎಂಬುದೇ ಆ ಮಾತು. ಮೋಶೆಯ ಧರ್ಮಶಾಸ್ತ್ರವನ್ನು ಕಾಣದ ಅನ್ಯಜನರಲ್ಲಿಯೂ ಮನಸ್ಸಾಕ್ಷಿ ಈ ನಿಯಮಕ್ಕೆ ಸಾಕ್ಷಿ ನುಡಿಯುತ್ತದೆಂದು ಸಂತ ಪೌಲರು ರೋಮನರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ ತಿಳಿಸಿದ್ದಾರೆ. ಪಂಡಿತರು ಇದನ್ನು ನೈಸರ್ಗಿಕ ನೀತಿನಿಯಮ ಎಂದು ಕರೆದರು. ಇಲ್ಲಿ ನಿಸರ್ಗವೆಂದರೆ ಮಳೆ, ಗಾಳಿ, ಕಾಡುಗಳಲ್ಲ. ಮಾನವನ ಸ್ವಭಾವ, ಅದರಲ್ಲಿಯೂ ಅವನ ವಿವೇಕ.

ಈ ವಿಚಾರಕ್ಕೆ ಶಾಸ್ತ್ರರೂಪ ಕೊಟ್ಟವರು ಸಂತ ತೋಮಾಸ್ ಅಕ್ವಿನಾಸರು (1225–1274). ಒಳ್ಳೆಯದನ್ನು ಮಾಡಬೇಕು, ಕೆಟ್ಟದ್ದನ್ನು ತ್ಯಜಿಸಬೇಕು ಎಂಬುದು ಮೊದಲ ಸೂತ್ರ. ಜೀವವನ್ನು ಉಳಿಸಿಕೊಳ್ಳುವುದು, ಮಕ್ಕಳನ್ನು ಹೆತ್ತು ಬೆಳೆಸುವುದು, ದೇವರ ಕುರಿತ ಸತ್ಯವನ್ನು ಅರಸುವುದು, ಸಮಾಜದಲ್ಲಿ ಕೂಡಿ ಬಾಳುವುದು ಇವೆಲ್ಲ ಆ ಸೂತ್ರದ ಕವಲುಗಳು. ಆದರೆ ತೋಮಾಸರು ಅಲ್ಲಿಗೇ ನಿಲ್ಲಲಿಲ್ಲ. ಈ ಬರಹ ಹೃದಯದಿಂದ ಅಳಿಸಿಹೋಗಬಹುದೇ ಎಂದೂ ಕೇಳಿಕೊಂಡರು. ಮೂಲಸೂತ್ರ ಅಳಿಯದು, ಅದರಿಂದ ಹೊರಡುವ ನಿರ್ಣಯಗಳು ಮಾತ್ರ ದುರ್ಬೋಧೆಯಿಂದಲೂ ದುಷ್ಟ ರೂಢಿಯಿಂದಲೂ ಮಸುಕಾಗಬಹುದು ಎಂಬುದು ಅವರ ಉತ್ತರ. ಕಳ್ಳತನವನ್ನು ತಪ್ಪೆಂದು ಎಣಿಸದಿದ್ದ ಪ್ರಾಚೀನ ಜರ್ಮನರನ್ನು ಅವರು ಜೂಲಿಯಸ್ ಸೀಸರನ ಗ್ರಂಥದ ಆಧಾರದಿಂದ ಉದಾಹರಿಸುತ್ತಾರೆ. ತೋಮಾಸರ ಗುರುಗಳಾದ ಮಹಾ ಆಲ್ಬರ್ಟರೇ ಜರ್ಮನ್ ನಾಡಿನವರು ಎಂಬುದನ್ನು ನೆನೆದರೆ ನಮಗೆ ನಗು ಬಾರದಿರದು. ಆದರೆ ರೂಢಿ ವಿವೇಕವನ್ನು ಮಸುಕುಗೊಳಿಸುತ್ತದೆಂಬ ಆ ಮಾತು ಮುಂದೆ ಕ್ರೈಸ್ತರ ಮೇಲೆಯೇ ತಿರುಗಿ ಬೀಳಲಿತ್ತು.

1511ರ ಡಿಸೆಂಬರ್ 21. ಆಗಮನ ಕಾಲದ ನಾಲ್ಕನೆಯ ಭಾನುವಾರ. ಕೊಲಂಬಸನು ಕಂಡುಹಿಡಿದನೆಂದು ನಾವು ಓದುವ ದ್ವೀಪಗಳಲ್ಲಿ ಒಂದಾದ ಹಿಸ್ಪಾನಿಯೊಲದ ಸಾಂತೊ ದೊಮಿಂಗೊ ಪಟ್ಟಣದಲ್ಲಿ ದೊಮಿನಿಕನ್ ಸನ್ಯಾಸಿ ಅಂತೋನಿಯೊ ದೆ ಮೊಂತೆಸಿನೋಸರು ಪ್ರಬೋಧನೆಗೆ ನಿಂತರು. ಎದುರಿಗೆ ಕುಳಿತಿದ್ದವರು ಸ್ಪೇನಿನ ಅಧಿಕಾರಿಗಳು ಮತ್ತು ಒಡೆಯರು. ಊರೂರಿನ ಮೂಲನಿವಾಸಿಗಳನ್ನು ಒಬ್ಬೊಬ್ಬ ಒಡೆಯನಿಗೆ ಹಂಚಿಕೊಟ್ಟು, ಗಣಿಯಲ್ಲಿಯೂ ಹೊಲದಲ್ಲಿಯೂ ಸಾಯುವವರೆಗೆ ದುಡಿಸುವ ಪದ್ಧತಿ ಅಲ್ಲಿ ನಡೆದಿತ್ತು. ಯಾವ ನ್ಯಾಯದಿಂದ ಇವರನ್ನು ದಾಸ್ಯದಲ್ಲಿಟ್ಟಿದ್ದೀರಿ, ಇವರು ಮನುಷ್ಯರಲ್ಲವೇ, ಇವರಿಗೆ ವಿವೇಕವುಳ್ಳ ಆತ್ಮವಿಲ್ಲವೇ ಎಂದು ಅವರು ಕೇಳಿದರು. ಕೆರಳಿದ ಒಡೆಯರು ಮಾತನ್ನು ಹಿಂತೆಗೆದುಕೊಳ್ಳಬೇಕೆಂದು ಮಠಕ್ಕೆ ನುಗ್ಗಿದರು. ಮರುವಾರ ಮೊಂತೆಸಿನೋಸರು ಅದನ್ನೇ ಇನ್ನಷ್ಟು ಕಟುವಾಗಿ ನುಡಿದು, ಇಂಥವರಿಗೆ ಪಾಪಕ್ಷಮೆಯಿಲ್ಲವೆಂದೂ ಸಾರಿದರು.

ಈ ಪ್ರಬೋಧನೆಯನ್ನು ನಮಗಾಗಿ ಬರೆದಿಟ್ಟವರು ಬಾರ್ತೊಲೊಮೆ ದೆ ಲಾಸ್ ಕಾಸಾಸರು. ಅವರೇ ಆಗ ಅಂಥ ಒಬ್ಬ ಒಡೆಯರಾಗಿದ್ದರು! 1514ರಲ್ಲಿ ಕ್ಯೂಬಾದಲ್ಲಿ ಯಾಜಕರಾಗಿದ್ದಾಗ, ಪೆಂತಕೋಸ್ತ್ ಹಬ್ಬದ ಪ್ರಬೋಧನೆಗಾಗಿ ಸಿರಾಖನ ಗ್ರಂಥದ ಮೂವತ್ತನಾಲ್ಕನೆಯ ಅಧ್ಯಾಯವನ್ನು ಓದುತ್ತಿದ್ದರು. ಬಡವರಿಂದ ಕಸಿದು ತಂದ ಕಾಣಿಕೆಯನ್ನು ದೇವರು ಮೆಚ್ಚರು ಎಂಬ ಅಲ್ಲಿನ ಬೋಧೆ ಅವರ ಎದೆಗೆ ನಾಟಿತು. ತಮ್ಮ ಪಾಲಿಗೆ ಬಂದಿದ್ದ ಜನರನ್ನು ಬಿಟ್ಟುಕೊಟ್ಟರು. ಮುಂದೆ ದೊಮಿನಿಕನ್ ಸಭೆ ಸೇರಿ, ಚಿಯಾಪದ ಧರ್ಮಾಧ್ಯಕ್ಷರೂ ಆದರು.

1537ರಲ್ಲಿ ಜಗದ್ಗುರು ಮೂರನೆಯ ಪೌಲರು, ಈ ಜನರು ನಿಜವಾದ ಮಾನವರು, ಕ್ರೈಸ್ತರಲ್ಲದಿದ್ದರೂ ಅವರ ಸ್ವಾತಂತ್ರ್ಯವನ್ನಾಗಲಿ ಸೊತ್ತನ್ನಾಗಲಿ ಕಸಿಯಲಾಗದು ಎಂದು ಘೋಷಿಸಿದರು. 1539ರಲ್ಲಿ ಸಲಮಾಂಕ ವಿಶ್ವವಿದ್ಯಾನಿಲಯದ ಫ್ರಾನ್ಸಿಸ್ಕೊ ದೆ ವಿತೋರಿಯರು ಇದನ್ನು ಶಾಸ್ತ್ರವಾಗಿ ವಿವರಿಸಿದರು. ಒಡೆತನದ ಹಕ್ಕು ವಿಶ್ವಾಸದಿಂದ ಬರುವುದಲ್ಲ, ಮಾನವ ಸ್ವಭಾವದಿಂದ ಬರುವುದು. ಚಕ್ರವರ್ತಿ ಲೋಕಕ್ಕೆಲ್ಲ ಒಡೆಯನಲ್ಲ, ಜಗದ್ಗುರುಗಳೂ ಲೌಕಿಕ ವಿಷಯದಲ್ಲಿ ಅಲ್ಲ. ಆ ವರ್ಷವೇ ಚಕ್ರವರ್ತಿ ಐದನೆಯ ಚಾರ್ಲ್ಸನು ಇಂಥ ಚರ್ಚೆ ಸಲ್ಲದೆಂದು ಅವರ ಮಠದ ಹಿರಿಯರಿಗೆ ಪತ್ರ ಬರೆದನು. ಆದರೂ ಪ್ರಯಾಣ, ವ್ಯಾಪಾರ, ಧರ್ಮಪ್ರಚಾರಗಳನ್ನು ತಡೆದರೆ ಯುದ್ಧ ನ್ಯಾಯವಾದೀತೆಂದು ವಿತೋರಿಯರು ಒಂದು ಬಾಗಿಲನ್ನು ತೆರೆದೇ ಇಟ್ಟರು. ಅದು ಅವರ ವಾದದ ದುರ್ಬಲ ಭಾಗವೆಂದೇ ನಮ್ಮ ಅಭಿಪ್ರಾಯ.

ಕೊನೆಗೆ 1550ರಲ್ಲಿ ಅದೇ ಚಕ್ರವರ್ತಿ ಹೊಸ ದಂಡಯಾತ್ರೆಗಳನ್ನು ತಡೆಹಿಡಿದು, ವಯ್ಯಾದೊಲಿದ್ ನಗರದ ಸಂತ ಗ್ರೆಗರಿ ವಿದ್ಯಾಪೀಠದಲ್ಲಿ ಪಂಡಿತರ ಸಭೆ ಕರೆದನು. ಒಂದು ಪಕ್ಷದಲ್ಲಿ ಅರಿಸ್ಟಾಟಲನ ಗ್ರಂಥಗಳನ್ನು ಅನುವಾದಿಸಿದ್ದ ಹುವಾನ್ ಹಿನೆಸ್ ದೆ ಸೆಪೂಲ್ವೆದ. ಇನ್ನೊಂದರಲ್ಲಿ ಲಾಸ್ ಕಾಸಾಸರು. ಇಬ್ಬರೂ ಆಶ್ರಯಿಸಿದ್ದು ನೈಸರ್ಗಿಕ ನಿಯಮವನ್ನೇ ಎಂಬುದನ್ನು ನಾವು ಗಮನಿಸಬೇಕು. ಕೆಲವರು ಹುಟ್ಟಿನಿಂದಲೇ ದಾಸರು, ನರಬಲಿ ಕೊಡುವವರು ನಿಸರ್ಗಕ್ಕೇ ದ್ರೋಹ ಬಗೆದವರು, ಆದುದರಿಂದ ಅವರನ್ನು ಗೆದ್ದು ಆಳುವುದು ನ್ಯಾಯ ಎಂದು ಸೆಪೂಲ್ವೆದನ ವಾದ. ನಗರಗಳನ್ನು ಕಟ್ಟಿ, ಕಾನೂನುಗಳನ್ನು ಮಾಡಿಕೊಂಡು, ಕಲೆಗಳನ್ನು ಬೆಳೆಸಿದ ಜನರನ್ನು ವಿವೇಕಹೀನರೆನ್ನುವುದು ಹೇಗೆ ಎಂದು ಲಾಸ್ ಕಾಸಾಸರ ಪ್ರಶ್ನೆ. ನರಬಲಿಯ ವಿಷಯದಲ್ಲಿ ಅವರು ಕೊಟ್ಟ ಉತ್ತರ ಇಂದಿಗೂ ಬೆರಗು ಹುಟ್ಟಿಸುತ್ತದೆ: ದೇವರಿಗೆ ತಮ್ಮಲ್ಲಿರುವ ಅತ್ಯಮೂಲ್ಯವಾದುದನ್ನು ಅರ್ಪಿಸಬೇಕೆಂದು ವಿವೇಕವೇ ಅವರಿಗೆ ಹೇಳಿತು, ನಿಜದೇವರನ್ನು ಅರಿಯದೆ ಅವರು ದಾರಿ ತಪ್ಪಿದರು, ತಪ್ಪಿದವರಿಗೆ ಬೇಕಾದುದು ಬೋಧೆ, ಯುದ್ಧವಲ್ಲ.

ಸಭೆ 1551ರಲ್ಲಿ ಮತ್ತೆ ಕೂಡಿತು. ತೀರ್ಪು ಮಾತ್ರ ಹೊರಬೀಳಲಿಲ್ಲ. ದಾಸ್ಯವೂ ನಿಲ್ಲಲಿಲ್ಲ. ಜಗದ್ಗುರು ಹದಿನಾರನೆಯ ಗ್ರೆಗರಿಯವರು ಗುಲಾಮರ ವ್ಯಾಪಾರವನ್ನು ಖಂಡಿಸಿದ್ದು 1839ರಲ್ಲಿ. ಪರದೇಶವನ್ನು ಕಂಡುಹಿಡಿದವನಿಗೇ ಅದರ ಮೇಲೆ ಹಕ್ಕು ಎಂಬ ಹಳೆಯ ಸಿದ್ಧಾಂತ ಧರ್ಮಸಭೆಯ ಬೋಧನೆಯಲ್ಲವೆಂದು ವ್ಯಾಟಿಕನ್ ಸ್ಪಷ್ಟವಾಗಿ ನಿರಾಕರಿಸಿದ್ದು 2023ರ ಮಾರ್ಚಿಯಲ್ಲಿ.

ಲಾಸ್ ಕಾಸಾಸರನ್ನು ಹೊಗಳುವವರು ಸಾಮಾನ್ಯವಾಗಿ ಮರೆಮಾಚುವ ಒಂದು ಸಂಗತಿಯನ್ನು ನಾವಿಲ್ಲಿ ಬಿಡಲಾರೆವು. ಮೂಲನಿವಾಸಿಗಳ ಭಾರವನ್ನು ಇಳಿಸಲು ಆಫ್ರಿಕದ ಗುಲಾಮರನ್ನು ತರಿಸಬಹುದೆಂದು ಸಲಹೆಯಿತ್ತವರಲ್ಲಿ ಅವರೂ ಒಬ್ಬರು. ಆ ಜನರನ್ನು ಸೆರೆಹಿಡಿದದ್ದೂ ಅಷ್ಟೇ ಅನ್ಯಾಯವೆಂದು ಅವರು ಅರಿತದ್ದು ತಡವಾಗಿ. ತಮ್ಮ ಅಜ್ಞಾನ ದೇವರ ನ್ಯಾಯಾಸನದ ಮುಂದೆ ಕ್ಷಮೆಗೆ ಸಾಕಾದೀತೋ ಇಲ್ಲವೋ ಎಂಬ ಸಂಶಯವನ್ನೂ ತಾವೇ ಬರೆದ ಚರಿತ್ರೆಯಲ್ಲಿ ಅವರು ಮುಚ್ಚಿಡದೆ ದಾಖಲಿಸಿದ್ದಾರೆ. 1559ರಲ್ಲಿ, ನಲವತ್ತು ವರ್ಷ ಪ್ರಕಟಿಸಬಾರದೆಂದು ಹೇಳಿ, ಆ ಹಸ್ತಪ್ರತಿಯನ್ನು ಅವರು ಒಪ್ಪಿಸಿದ್ದು ವಾದ ನಡೆದಿದ್ದ ಅದೇ ಸಂತ ಗ್ರೆಗರಿ ವಿದ್ಯಾಪೀಠಕ್ಕೆ. ಅದು ಅಚ್ಚಾಗಿ ಹೊರಬರಲು 1875 ಬರಬೇಕಾಯಿತು.