ಪರಮಪ್ರಸಾದ ಸ್ವೀಕಾರ

ಕಥೋಲಿಕ ಕ್ರೈಸ್ತರ ಏಳು ಸಂಸ್ಕಾರಗಳಲ್ಲೊಂದು; ಯೇಸುವಿನ ಕಡೆಯ ಭೋಜನ ಇದರ ಮೂಲ. ಬಲಿಪೂಜೆಯಲ್ಲಿ ರೊಟ್ಟಿ, ದ್ರಾಕ್ಷಾರಸಗಳು ಕ್ರಿಸ್ತನ ಶರೀರ, ರಕ್ತವೇ ಆಗುತ್ತವೆ, ಬರಿಯ ಸಂಕೇತವಲ್ಲ ಎಂಬುದು ನಂಬಿಕೆ. ಧರ್ಮಕೇಂದ್ರದ ಭಕ್ತರು ಸಾಲಾಗಿ ಬಂದು ತಲೆಬಾಗಿ, ಗುರುಗಳು ‘ಕ್ರಿಸ್ತರ ಶರೀರ’ ಎಂದಾಗ ‘ಆಮೆನ್’ ಎನ್ನುತ್ತಾರೆ. ಹುಳಿಯಿಲ್ಲದ, ಕಾಗದದಷ್ಟು ತೆಳುವಾದ ಗೋಧಿಯ ಬಿಲ್ಲೆಯನ್ನು ನಾಲಿಗೆಯ ಮೇಲೋ ಅಂಗೈಯಲ್ಲೋ ಪಡೆಯುತ್ತಾರೆ. ಅಂಗೈಯಲ್ಲಿ ಪಡೆದವರು ಅಲ್ಲೇ ಸೇವಿಸಬೇಕು, ಮನೆಗೆ ಒಯ್ಯುವಂತಿಲ್ಲ. ಸ್ವೀಕಾರಕ್ಕೆ ಮೊದಲು ಒಂದು ಗಂಟೆ ಉಪವಾಸ. ನೀರು, ಔಷಧಿಗೆ ಅಡ್ಡಿಯಿಲ್ಲ. ಘೋರ ಪಾಪದ ಅರಿವಿದ್ದವರಿಗೆ ಪಾಪನಿವೇದನೆ ಕಡ್ಡಾಯ.

ದೊಡ್ಡ ತಿರುವು 1910ರದು: ಪೋಪ್ ಹತ್ತನೇ ಪಯಸ್ ಏಳರ ಆಸುಪಾಸಿನ ಮಕ್ಕಳಿಗೂ ಪ್ರಸಾದ ನೀಡಬೇಕೆಂದರು. ಬಿಳಿಯುಡುಪಿನ ಪುಟಾಣಿಗಳ ಪ್ರಥಮ ಪರಮಪ್ರಸಾದ ಇಂದು ಊರಿನ ಇಗರ್ಜಿಗೆ ಹಬ್ಬವೇ ಸರಿ. ವರ್ಷಕ್ಕೊಮ್ಮೆಯಾದರೂ ಸ್ವೀಕರಿಸಬೇಕೆಂಬ ನಿಯಮ 1215ರ ಲ್ಯಾಟರನ್ ಮಹಾಸಭೆಯದು.