ಡೇಟ್ ಮುಂದಕ್ಕೆ ಹಾಕೋ ಗುಳಿಗೆಯ ಕಥೆ

ಇವತ್ತಿನ ಸಂಚಿಕೆ ಒಂದು ಸಣ್ಣ ಗುಳಿಗೆಯ ಇತಿಹಾಸ. ನಮ್ಮ ಹಚ್ಚೊಳ್ಳಿ ಕಡೆ ಜಾತ್ರೆ, ಮದುವೆ, ಗೃಹಪ್ರವೇಶ ಹತ್ರ ಬಂತಂದ್ರೆ ಹೆಣ್ಮಕ್ಕಳು ಮೆಡಿಕಲ್ ಶಾಪಿನಲ್ಲಿ ದನಿ ತಗ್ಗಿಸಿ ಕೇಳ್ತಾರೆ: "ಡೇಟ್ ಮುಂದಕ್ಕೆ ಹೋಗೋ ಗುಳಿಗೆ ಕೊಡ್ರಿ." ಅಂಗಡಿಯವರು ಕಾಗದದಲ್ಲಿ ಸುತ್ತಿ ಕೊಡ್ತಾರೆ. ಅವರೂ ಏನೂ ಕೇಳಲ್ಲ, ಇವರೂ ಏನೂ ಕೇಳಲ್ಲ.

ನಮ್ಮ ಚಿಕ್ಕಮ್ಮನೂ ಒಂದು ಮದುವೆಗೆ ಹಾಗೇ ತಗೊಂಡಿದ್ರು. ಮದುವೆ ಮುಗಿದ ಮೂರನೇ ದಿನ ಎಡಗಾಲಿನ ಮೀನಖಂಡ ಬಾತುಕೊಂಡಿತು. ಮನೆಯವರೆಲ್ಲ ಹೇಳಿದ್ದು ಒಂದೇ: "ಓಡಾಡಿ ದಣಿದೀಯ, ಎಣ್ಣೆ ಹಚ್ಚಿ ತಿಕ್ಕು." ಬಳ್ಳಾರಿಗೆ ಕರ್ಕೊಂಡು ಹೋದಾಗ ಸ್ಕ್ಯಾನಿಂಗ್‌ನಲ್ಲಿ ಕಂಡಿದ್ದು ರಕ್ತನಾಳದೊಳಗೆ ಹೆಪ್ಪುಗಟ್ಟಿದ ರಕ್ತ. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ: "ಹಾರ್ಮೋನ್ ಗುಳಿಗೆ ಏನಾದ್ರೂ ತಗೊಂಡಿದ್ರಾ?" ಚಿಕ್ಕಮ್ಮ ಈಗ ಆರಾಮಿದ್ದಾರೆ. ಆದ್ರೆ ಆ ಪ್ರಶ್ನೆ ನನ್ನ ತಲೆಯಲ್ಲೇ ಉಳೀತು. ಅದರ ಬೆನ್ನು ಹತ್ತಿ ಹೋದಾಗ ಸಿಕ್ಕಿದ್ದು ಈ ಕಥೆ.

ಆ ಗುಳಿಗೆಯ ಹೆಸರು ನೊರೆಥಿಸ್ಟೆರೋನ್. 1951ರ ಅಕ್ಟೋಬರ್‌ನಲ್ಲಿ ಮೆಕ್ಸಿಕೊ ನಗರದ ಸಿಂಟೆಕ್ಸ್ ಕಂಪನಿಯ ಲ್ಯಾಬ್‌ನಲ್ಲಿ ಇದು ಹುಟ್ಟಿತು. ಕಾರ್ಲ್ ಜೆರಾಸಿ ಮತ್ತು ಜಾರ್ಜ್ ರೋಸೆನ್‌ಕ್ರಾಂಜ್ ಅವರ ತಂಡ. ಕೈಯಾರೆ ತಯಾರಿಸಿದವನು ಲೂಯಿಸ್ ಮಿರಾಮಾಂಟೆಸ್ ಎಂಬ ವಿದ್ಯಾರ್ಥಿ. ದೇಹದಲ್ಲಿ ಪ್ರೊಜೆಸ್ಟೆರೋನ್ ಎಂಬ ಹಾರ್ಮೋನ್ ಇಳಿದಾಗ ಗರ್ಭಕೋಶದ ಒಳಪದರ ಕಳಚಿ ಮುಟ್ಟು ಬರುತ್ತದೆ. ಈ ಗುಳಿಗೆ ಪ್ರೊಜೆಸ್ಟೆರೋನ್‌ನ ಕೆಲಸ ಮಾಡಿ ಆ ಪದರವನ್ನು ಹಿಡಿದಿಡುತ್ತದೆ. ನಿಲ್ಲಿಸಿದ ಎರಡು ಮೂರು ದಿನಕ್ಕೆ ಮುಟ್ಟಾಗುತ್ತದೆ.

ಇದರ ಹತ್ತಿರದ ಸಂಬಂಧಿ ನೊರೆಥಿನೊಡ್ರೆಲ್. 1956ರಲ್ಲಿ ಅದನ್ನು ಗರ್ಭನಿರೋಧಕವಾಗಿ ಪರೀಕ್ಷಿಸಿದ್ದು ಪೋರ್ಟೊ ರಿಕೊ ದ್ವೀಪದ ರಿಯೊ ಪಿಯೆದ್ರಾಸ್‌ನ ಬಡ ಹೆಂಗಸರ ಮೇಲೆ. ಇದು ಪ್ರಯೋಗ ಅಂತ ಅವರಿಗೆ ಹೇಳಿರಲಿಲ್ಲ. ತಲೆಸುತ್ತು, ವಾಂತಿ, ತಲೆನೋವು ಅಂತ ನೂರಕ್ಕೆ 17 ಮಂದಿ ಹೇಳಿಕೊಂಡರು. ಅಲ್ಲಿನ ವೈದ್ಯೆ ಎಡ್ರಿಸ್ ರೈಸ್-ರೇ ಅದನ್ನು ಬರೆದು ಕಳಿಸಿದರು. ಮೇಲಿನವರು ಅದರಲ್ಲಿ ಬಹುಪಾಲು ಮನಸ್ಸಿನ ಭ್ರಮೆ ಅಂದುಬಿಟ್ಟರು. 1960ರಲ್ಲಿ ಅಮೆರಿಕದಲ್ಲಿ ಆ ಗುಳಿಗೆಗೆ ಗರ್ಭನಿರೋಧಕ ಅಂತ ಒಪ್ಪಿಗೆ ಸಿಕ್ಕಿತು.

ಮರುವರ್ಷವೇ, 1961ರಲ್ಲಿ, ಅದನ್ನು ಸೇವಿಸುತ್ತಿದ್ದ ಒಬ್ಬ ನರ್ಸ್‌ಗೆ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದನ್ನು ಇಂಗ್ಲೆಂಡಿನ ವೈದ್ಯ ಜೋರ್ಡಾನ್ 'ಲ್ಯಾನ್ಸೆಟ್' ಪತ್ರಿಕೆಗೆ ಬರೆದರು. 1970ರಲ್ಲಿ ಅಮೆರಿಕದ ಸೆನೆಟ್ ವಿಚಾರಣೆ ನಡೆಸಿತು. ಗುಳಿಗೆ ನುಂಗಿದ ಹೆಂಗಸರನ್ನೇ ಸಾಕ್ಷಿಗೆ ಕರೆದಿರಲಿಲ್ಲ! ಅವರು ಸಭೆಯಲ್ಲೇ ಎದ್ದು ನಿಂತು ಕೂಗಿದರು. ಅಡ್ಡಪರಿಣಾಮ ತಿಳಿಸುವ ಚೀಟಿ ಗುಳಿಗೆಯ ಪ್ಯಾಕೆಟ್ ಜೊತೆ ಬರಲು ಶುರುವಾಗಿದ್ದು ಆ ಗಲಾಟೆಯ ನಂತರ. ನಾವು ಬಿಚ್ಚದೇ ಬಿಸಾಕೋ ಚೀಟಿಯ ಹಿಂದೆ ಇಷ್ಟು ಕಥೆ ಇದೆ.

ನಮ್ಮ ಪಕ್ಕದಲ್ಲೂ ಹಾಗೇ ಆಯಿತು. 1985ರಲ್ಲಿ ಹೈದರಾಬಾದ್ ಹತ್ತಿರದ ಪಟಾನ್‌ಚೆರು ಆರೋಗ್ಯ ಕೇಂದ್ರದಲ್ಲಿ ಇದೇ ನೊರೆಥಿಸ್ಟೆರೋನ್‌ನ ಇನ್ನೊಂದು ರೂಪ, ಎರಡು ತಿಂಗಳಿಗೊಮ್ಮೆ ಕೊಡುವ 'ನೆಟ್-ಎನ್' ಚುಚ್ಚುಮದ್ದನ್ನು, ಪ್ರಯೋಗ ಅಂತ ಸರಿಯಾಗಿ ತಿಳಿಸದೇ ಹೆಂಗಸರಿಗೆ ಕೊಡಲು ಹೊರಟಿದ್ದರು. ಸ್ತ್ರೀ ಶಕ್ತಿ ಸಂಘಟನೆಯವರು ಹೋಗಿ ವಿವರಿಸಿದಾಗ ಬಹಳ ಮಂದಿ ಎದ್ದು ಬಂದರು. 1986ರಲ್ಲಿ ವಿಷಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು.

ಮೂರೂ ಕಡೆ ಔಷಧಕ್ಕಿಂತ ದೊಡ್ಡ ತೊಂದರೆ ಒಂದೇ: ಹೇಳೋರು ಹೇಳಲಿಲ್ಲ, ಕೇಳಬೇಕಾದವರು ಕೇಳಲಿಲ್ಲ. ನಮ್ಮನೆಯಲ್ಲೂ ಅದೇ ಆಗಿದ್ದು.

ನಾನು ಓದಿದ್ದು ಬಿ.ಕಾಂ., ಅದಕ್ಕೆ ಒಂದು ಲೆಕ್ಕ ಹೇಳ್ತೀನಿ. ಗರ್ಭನಿರೋಧಕವಾಗಿ ದಿನಾ ತಗೊಳ್ಳೋ ನೊರೆಥಿಸ್ಟೆರೋನ್ ಗುಳಿಗೆಯಲ್ಲಿ ಇರೋದು 0.35 ಮಿಲಿಗ್ರಾಂ. ಡೇಟ್ ಮುಂದಕ್ಕೆ ಹಾಕಲು ಸಾಮಾನ್ಯವಾಗಿ ಕೊಡೋದು 5 ಮಿಲಿಗ್ರಾಂ, ದಿನಕ್ಕೆ ಮೂರು ಸಲ. ಅಂದ್ರೆ 15 ಮಿಲಿಗ್ರಾಂ, ನಲವತ್ತು ಪಟ್ಟಿಗೂ ಜಾಸ್ತಿ! ಇಷ್ಟು ಪ್ರಮಾಣದಲ್ಲಿ ಒಂದು ಪಾಲು ದೇಹದೊಳಗೆ ಈಸ್ಟ್ರೋಜೆನ್ ಆಗಿ ಬದಲಾಗುತ್ತದೆ. ಅದಕ್ಕೇ ರಕ್ತ ಹೆಪ್ಪುಗಟ್ಟುವ ಭಯ. ಬಹುತೇಕರಿಗೆ ಏನೂ ಆಗಲ್ಲ, ಸುಮ್ನೆ ಹೆದರಬೇಡಿ. ಆದ್ರೆ ಇದು ವೈದ್ಯರ ಚೀಟಿ ಮೇಲೆ ಮಾತ್ರ ತಗೋಬೇಕಾದ ಔಷಧ.

ಹಿಂದೆ ರಕ್ತ ಹೆಪ್ಪುಗಟ್ಟಿದವರು, ಮನೆತನದಲ್ಲಿ ಹಾಗಾದವರಿದ್ದವರು, ಹೃದಯ, ಲಿವರ್ ತೊಂದರೆ ಅಥವಾ ಸ್ತನ ಕ್ಯಾನ್ಸರ್ ಇದ್ದವರು, ಗರ್ಭಿಣಿ ಇರಬಹುದು ಅನ್ನೋರು, ಕಾರಣ ಗೊತ್ತಿಲ್ಲದೆ ರಕ್ತಸ್ರಾವ ಆಗ್ತಿರೋರು ಡಾಕ್ಟರಿಗೆ ಮೊದಲೇ ಹೇಳಲೇಬೇಕು. ಹೀಗೆ ತಗೊಂಡಾಗ ಇದು ಗರ್ಭನಿರೋಧಕ ಅಂತ ನಂಬಬೇಡಿ. ಒಂದೇ ಕಾಲು ಬಾತು ನೋವಾದ್ರೆ ತಿಕ್ಕಬೇಡಿ. ಅದು, ಉಸಿರಾಟದ ತೊಂದರೆ, ಎದೆನೋವು, ತಡೆಯಲಾಗದ ತಲೆನೋವು, ಕಣ್ಣು ಮಂಜಾಗೋದು, ಇವುಗಳಲ್ಲಿ ಒಂದು ಕಂಡ್ರೂ ಗುಳಿಗೆ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಿ.

ಯಾವುದೇ ಔಷಧದಿಂದ ಅಡ್ಡಪರಿಣಾಮ ಆದ್ರೆ ದೂರು ಬರೆಸೋಕೆ ಸರ್ಕಾರದ ಉಚಿತ ನಂಬರ್ ಇದೆ: 1800-180-3024. ಪೋರ್ಟೊ ರಿಕೊದ ಹೆಂಗಸರಿಗೆ ಈ ಸೌಲಭ್ಯ ಇರಲಿಲ್ಲ. ನಮಗಿದೆ.

ಈ ಜಾತ್ರೆಗೆ ಹೋಗೋ ಮುಂಚೆ ನಿಮ್ಮ ಅಕ್ಕ, ಅತ್ತೆ, ಗೆಳತಿಯರಿಗೆ ಇದನ್ನ ಕೇಳಿಸಿ. ಅವರು "ಕಾಲು ನೋಯ್ತಿದೆ" ಅಂದ್ರೆ, ಎಣ್ಣೆ ಬಾಟ್ಲಿ ಹುಡುಕೋ ಮೊದಲು ಒಂದು ಪ್ರಶ್ನೆ ಕೇಳಿ. ಮುಂದಿನ ವಾರ ಸಿಗೋಣ.